ಹಗ್ಗದ ತೂಕ

೧೮ ಎಪ್ರಿಲ್ ೧೯೪೧, ಕೊಪ್ಪಳ

ನಾನು ಗಣಿತ ಕಲಿಸುವ ಸಾಲೆಯಲ್ಲಿ ತಾರೀಖು ನಿಜಾಮ ಸರಕಾರದ ಫಸಲಿ, ಪಾಠ ಉರ್ದುವಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಈ ವಹಿಯನ್ನು ನೋಡುವವರು ಯಾರೂ ಇಲ್ಲ. ಹಾಗಾಗಿ ಇಲ್ಲಿ ತಾರೀಖೂ ನನಗೆ ಬೇಕಾದದ್ದು, ಮಾತೂ ನನಗೆ ಬೇಕಾದದ್ದು.

ಇವತ್ತು ನಕ್ಷತ್ರ ನಿಂತಿತು!

ಹೋದ ಬೇಸಿಗೆಯಲ್ಲಿ ಗೆಳೆಯ ಕಳಕಪ್ಪ ಹೈದರಾಬಾದಿನಿಂದ ಬರುವಾಗ ಒಂದು ಲೇಖನ ತಂದಿದ್ದ. ಅಮೇರಿಕದ ಇಬ್ಬರು ಬರೆದದ್ದು. ತೀರ ದೊಡ್ಡ ನಕ್ಷತ್ರ ಉರಿದು ಮುಗಿದ ಮೇಲೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಕುಸಿಯುತ್ತಲೇ ಹೋಗುತ್ತದೆ, ಕಡೆಗೆ ತನ್ನ ಬೆಳಕು ಕೂಡ ಹೊರಗೆ ಬಾರದಂತೆ ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂದು ಅವರ ಲೆಕ್ಕ. "ನನಗ ತಲಿ ಓಡವಲ್ತು. ನೀ ನೋಡಪಾ" ಎಂದು ನನ್ನ ಮುಂದೆ ಒಗೆದಿದ್ದ. ನೋಡಿದೆ. ಮನಸ್ಸು ಒಪ್ಪಲಿಲ್ಲ. ಲೆಕ್ಕ ಸುಲಭವಾಗಲೆಂದು ಅವರು ಒಳಗಿನ ಒತ್ತಡವನ್ನು ಬಿಟ್ಟೇಬಿಟ್ಟಿದ್ದಾರೆ. ನಮ್ಮ ಮನೆಯ ಹಿಂದಿನ ಹತ್ತಿ ಗಿರಣಿಯಲ್ಲಿ ದಿನವೂ ನೋಡುತ್ತೇನೆ. ಹತ್ತಿಯನ್ನು ಒತ್ತಿ ಅಂಡಿಗೆ, ಅಂದರೆ ಬಿಗಿ ಮೂಟೆ, ಕಟ್ಟುವಾಗ ಮೊದಮೊದಲು ಅದು ಹೇಳಿದ ಹಾಗೆ ಕೇಳುತ್ತದೆ. ಆಮೇಲೆ ಒತ್ತಿದಷ್ಟೂ ತಿರುಗಿ ತಳ್ಳುತ್ತದೆ. ಒಮ್ಮೆ ಬಿಗಿದ ಕಬ್ಬಿಣದ ಪಟ್ಟಿಯನ್ನೇ ಹರಿದು ಹಾಕಿತ್ತು. ನಕ್ಷತ್ರವೇನು ಹತ್ತಿಗಿಂತ ಕಡೆಯೇ?

ಅಲ್ಲಿಂದ ಒಂದು ವರ್ಷ. ಯುದ್ಧ ಶುರುವಾದ ಮೇಲೆ ಕಾಗದ ಸಿಗುವುದಿಲ್ಲ, ಹಾಗಾಗಿ ಲೆಕ್ಕವೆಲ್ಲ ಪಡಸಾಲೆಯ ಸೆಗಣಿ ಸಾರಿಸಿದ ನೆಲದ ಮೇಲೆ, ಸಾಲೆಯಿಂದ ತಂದ ಸೀಮೆಸುಣ್ಣದ ಖಡುವಿನಲ್ಲಿ. ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ಸಾರಸಲೇನ್ರಿ?" ಬೇಡವೆಂದರೆ ಗೋಡೆಗೆ ಆತುಕೊಂಡು ಓಡಾಡುತ್ತಾಳೆ, ಒಂದು ಅಂಕಿ ತುಳಿಯುವುದಿಲ್ಲ. ಪಾಪ, ಅವಳಿಗೆ ಇದರಲ್ಲಿ ಏನು ತಿಳಿಯಬೇಕು.

ಇವತ್ತು ಮಧ್ಯಾಹ್ನ ನಾನೂ ಕಳಕಪ್ಪನೂ ಮಂಡಿಯೂರಿ ಕೊನೆಯ ಸಾಲಿಗೆ ಬಂದೆವು. ಬೆಳಕು ಹೊರಬಾರದಂತೆ ಮುಚ್ಚಿಕೊಳ್ಳುವ ಗೆರೆಗೆ ಇನ್ನೂ ಸ್ವಲ್ಪ ಇರುವಾಗಲೇ ಕುಸಿತ ನಿಂತಿತು. ನಕ್ಷತ್ರ ಕಪ್ಪಾಗಿ, ಸಣ್ಣದಾಗಿ, ಆದರೆ ಬಾಗಿಲು ತೆರೆದುಕೊಂಡೇ ಉಳಿಯಿತು. "ನಿಂತತಲೇ ಕೊಟ್ರಾ, ನಿಂತತು!" ಎಂದು ಕಳಕಪ್ಪ ನನ್ನ ಬೆನ್ನು ಗುದ್ದಿದ್ದು ಇನ್ನೂ ನೋಯುತ್ತಿದೆ. ಅವನು ನನ್ನ ಹೆಂಡತಿಯ ಅಣ್ಣ, ಅದು ಆಮೇಲಿನ ಮಾತು. ಮೊದಲು ಹೈದರಾಬಾದಿನ ಒಂದೇ ಕೋಣೆಯಲ್ಲಿ ಓದಿದವರು ನಾವು. ಆಗಲೇ ನಮ್ಮೂರ ಹೊಲಗಳ ಪದ್ಧತಿ ಹಾಕಿಕೊಂಡಿದ್ದೆವು, ಮುಯ್ಯಿ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಇಲ್ಲ, ಬೆಳೆ ಹೊಲದವನದು. ಅವನ ನೀರಿನ ಅಲೆಗಳ ಪ್ರಬಂಧಕ್ಕೆ ನಾನು ದುಡಿದೆ, ಅದರಿಂದ ಅವನಿಗೆ ಕಾಲೇಜಿನ ಕೆಲಸ ಸಿಕ್ಕಿತು. ಈಗ ನನ್ನ ಸರದಿ. ಹಾಗೆಂದು ನಾವು ಬಾಯಿಬಿಟ್ಟು ಮಾತಾಡಿಲ್ಲ. ಮಾತಾಡುವುದೇನಿದೆ?

೨೪ ಎಪ್ರಿಲ್

ಕಳಕಪ್ಪ ಹೈದರಾಬಾದಿಗೆ ಹೋದ. ನೆಲದ ಮೇಲಿದ್ದುದನ್ನೆಲ್ಲ ತಾನು ತಂದ ಕಾಗದಕ್ಕೆ ಇಳಿಸಿಕೊಂಡಿದ್ದಾನೆ. ಅವನ ಇಂಗ್ಲಿಷ್ ಚೆನ್ನ. ಅಲ್ಲಿ ಚೊಕ್ಕ ಮಾಡಿ ಬರೆದು, ನನಗೆ ತೋರಿಸಿ, ಆಮೇಲೆ ಪತ್ರಿಕೆಗೆ ಕಳಿಸುವುದೆಂದು ಮಾತಾಗಿದೆ.

ಹೋಗುವಾಗ ಕೂಡ ಹಳೆಯ ಚೇಷ್ಟೆ ಬಿಡಲಿಲ್ಲ. "ಹಗ್ಗ ಮರ್ತಿಲ್ಲ ಹೌದಿಲ್ಲೋ?" ಎಂದ. ಪರೀಕ್ಷೆಯಲ್ಲಿ ಒಮ್ಮೆ ಬಾವಿಯಿಂದ ಕೊಡ ಸೇದುವ ಲೆಕ್ಕ ಬಂದಿತ್ತು. ಕೊಡ ಹಿಡಿದೆ, ನೀರು ಹಿಡಿದೆ, ಹಗ್ಗದ ತೂಕ ಹಿಡಿಯಲಿಲ್ಲ. ನಮ್ಮೂರು ಬೇವೂರಿನ ಆಳದ ಬಾವಿಗಳಲ್ಲಿ ನೀರು ಸೇದಿ ಅಂಗೈ ದಡ್ಡುಗಟ್ಟಿಸಿಕೊಂಡವನು ನಾನು, ಹಗ್ಗವನ್ನೇ ಮರೆತಿದ್ದೆ! ಅವತ್ತಿನಿಂದ ಅವನ ಬಾಯಲ್ಲಿ ನಾನು ಹಗ್ಗ ಮರೆತ ಕೊಟ್ರ. ಮೂರನೆಯವರ ಮುಂದೆ ಮಾತ್ರ ಯಾವತ್ತೂ ಅಂದಿಲ್ಲ. ಮದುವೆಯಾದ ಮೇಲೆ ಹೆಂಡತಿಗೆ ನಾನೇ ಹೇಳಿದೆ.

ಪಡಸಾಲೆಯನ್ನು ಇವತ್ತು ಹೆಂಡತಿ ಸಾರಿಸಿದಳು. ಮನೆ ಬೋಳು ಬೋಳು.

೧೬ ಜೂನ್

ಸಾಲೆ ತೆರೆಯಿತು. ಇತಿಹಾಸ ಕಲಿಸುವ ಆದೆಪ್ಪನ ಮಾವನ ಮನೆ ಹೈದರಾಬಾದಿನಲ್ಲಿ. ಸೂಟಿಯನ್ನು ಅಲ್ಲೇ ಕಳೆದು ಬಂದಿದ್ದಾನೆ. ಗಂಟೆ ಹೊಡೆಯುವ ಮೊದಲೇ ನನ್ನ ಕೈ ಹಿಡಿದು ಕುಲುಕಿದ.

"ನಿಮ್ಮ ಭಾವನೋರ ಭಾಷಣ ಕೇಳಿದ್ನಿರಿ ಕೊಟ್ರಬಸಪ್ಪನವರ! ಮಂದಿ ನಿಂತು ಕೇಳಿದರು. ನಕ್ಷತ್ರ ಪೂರಾ ಮುಚಗೊಳ್ಳಂಗಿಲ್ಲ, ನಡುವ ನಿಂದರತೈತಿ ಅಂತ ಕಂಡು ಹಿಡದಾರ. ನನ್ನಂಥಾಂವಗೂ ತಿಳಿಯೂ ಹಂಗ ಹೇಳಿದರು ನೋಡ್ರಿ. ಹತ್ತಿ ಅಂಡಿಗಿ ಒತ್ತತಾರಲ್ಲ, ಮೊದಲು ಕೇಳತೈತಿ, ಆಮ್ಯಾಲ ತಿರುಗಿ ತಳ್ಳತೈತಿ, ಕಬ್ಬಣದ ಪಟ್ಟಿ ಸುದ್ದಾ ಹರೀತೈತಿ ಅಂತ."

"ಯಾರು ಕಂಡು ಹಿಡಿದರು ಅಂದ್ರು?" ಎಂದು ಕೇಳಿದೆ.

"ಯಾರಂದ್ರ? ಅವರ!"

ಆ ಪಟ್ಟಿ ಹರಿದ ದಿನ ಗಿರಣಿಯಲ್ಲಿದ್ದವನು ನಾನು. ಕಳಕಪ್ಪ ಹುಟ್ಟಿದಾಗಿನಿಂದ ಒಂದು ಅಂಡಿಗೆಯನ್ನೂ ಮುಟ್ಟಿದವನಲ್ಲ. ಆಗಸ್ಟಿನಲ್ಲಿ ಹೈದರಾಬಾದಿನಲ್ಲೇ ಮದರಾಸು ಕಲಕತ್ತೆಯ ವಿದ್ವಾಂಸರು ಸೇರುವ ಸಭೆಯಲ್ಲಿ ಇದನ್ನೇ ಓದುತ್ತಾನಂತೆ. ಅದು ಗೆದ್ದರೆ ವಿಲಾಯತಿಗೆ ಕಳಿಸುತ್ತಾರಂತೆ.

೧೭ ಜೂನ್

ಊಟ ಸೇರಲಿಲ್ಲ. ಸಾಲೆಗೆ ಹೋದೆ, ಬಂದೆ.

೨೩ ಜೂನ್

ಒಂದು ವರ್ಷ ಮಂಡಿ ಸವೆಸಿದವನು ನಾನು. ನನ್ನ ಬೆನ್ನು ಗುದ್ದಿ ಹೋದವನು ಅದನ್ನೇ ಹೊತ್ತುಕೊಂಡು ಹೋಗಿ ತನ್ನದೆಂದು ಮಾರಿದ. ಪರರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇವನನ್ನು ಬೈಯಲು ನನ್ನ ಹತ್ತಿರ ಶಬ್ದವೇ ಇಲ್ಲ, ಇದ್ದಬದ್ದ ಬೈಗುಳವನ್ನೆಲ್ಲ ಪ್ರೀತಿಯಿಂದ ಅವನ ಮೇಲೆಯೇ ಖರ್ಚು ಮಾಡಿಬಿಟ್ಟಿದ್ದೇನೆ.

ಸಂಜೆ ಕಳಕಪ್ಪನ ತಂಗಿ ಕೇಳಿದಳು: "ನಾಗರ ಪಂಚಮಿಗೆ ಅಣ್ಣ ತವರಿಗೆ ಕರಿಯಾಕ ಬರತಾನ. ಉಂಡಿಗೆ ಎಳ್ಳು ಹುರಿಬೇಕು, ತರತೀರೇನ್ರಿ?"

"ಈ ಸಲ ಯಾರೂ ಬರೂದು ಬ್ಯಾಡ, ಯಾರೂ ಹೋಗೂದೂ ಬ್ಯಾಡ" ಎಂದೆ.

ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಗೋಡೆಗೆ ಆತುಕೊಂಡೇ ಒಳಗೆ ಹೋದಳು, ನೆಲದ ಮೇಲೆ ಏನೂ ಇಲ್ಲದಿದ್ದರೂ.

೪ ಜುಲೈ

ಶುಕ್ರವಾರ, ಜುಮ್ಮಾ ಸೂಟಿ. ಲೆಕ್ಕವನ್ನು ಮೊದಲಿನಿಂದ ಮತ್ತೆ ಹಾಕುತ್ತಿದ್ದೇನೆ. ಪ್ರತಿ ಸಾಲಿನಲ್ಲೂ ಇದು ನನ್ನದು, ಇದು ಅವನದು ಎಂದು ಬದು ಹಾಕುತ್ತಾ ಹೊರಟಿದ್ದೇನೆ. ಇಷ್ಟರವರೆಗೆ ಅವನದೆನ್ನುವಂಥದ್ದು ಒಂದು ಗುಣಾಕಾರ.

೧೧ ಜುಲೈ

ಬದು ಹಾಕುತ್ತಾ ಹೋದವನು ಬಾವಿಗೆ ಬಿದ್ದೆ.

ಒತ್ತಡ ಹೊರಗೆ ತಳ್ಳುತ್ತದೆ, ಸರಿ. ಆದರೆ ಈ ಹೊಸ ಗುರುತ್ವದ ನಿಯಮದಲ್ಲಿ ಒತ್ತಡಕ್ಕೂ ಭಾರವಿದೆ. ತಡೆಯಲೆಂದು ಹೆಚ್ಚು ಹೆಚ್ಚು ಒತ್ತಿದಷ್ಟೂ ಆ ಒತ್ತುವಿಕೆಯೇ ಭಾರವಾಗಿ ಕುಸಿತಕ್ಕೆ ಕೂಡಿಕೊಳ್ಳುತ್ತದೆ. ನಾನು ಅದನ್ನು ತಳ್ಳುವ ಕಡೆ ಹಾಕಿದ್ದೇನೆ, ಭಾರದ ಕಡೆ ಹಾಕಿಯೇ ಇಲ್ಲ. ಹಾಕಿ ನೋಡಿದೆ. ನಕ್ಷತ್ರ ನಿಲ್ಲಲಿಲ್ಲ. ನನ್ನ ಕಣ್ಣ ಮುಂದೆಯೇ ಗೆರೆ ದಾಟಿ ಹೋಯಿತು.

ಮತ್ತೆ ಹಗ್ಗ.

ಇದು ನನ್ನದೇ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಇಂಥ ತಪ್ಪು ಮಾಡುವವನು ನಾನೊಬ್ಬನೇ.

೧೨ ಜುಲೈ

ಆಗಸ್ಟಿನಲ್ಲಿ ಅವನು ಎದ್ದು ನಿಂತು ಇದನ್ನು ಓದುತ್ತಾನೆ. ಯಾರಾದರೂ ಒಬ್ಬ ಮುದುಕ ಕನ್ನಡಕ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳುತ್ತಾನೆ. ಆಗ ಅವನ ಮುಖ ನೋಡಬೇಕು!

ಇವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. "ಭಾಳ ಖುಷಿಲೆ ಅದೀರಿ" ಎಂದಳು ಕಳಕಪ್ಪನ ತಂಗಿ. ಹೌದು ಎಂದೆ.

೧೮ ಜುಲೈ

ಖುಷಿ ಒಂದು ವಾರವೂ ಬಾಳಿಕೆ ಬರಲಿಲ್ಲ.

ಹೆಂಡತಿ ಶಂಕ್ರಮ್ಮ ಇವತ್ತು ಕಸ ಹೊಡೆಯುತ್ತಿದ್ದವಳು ನಿಂತು ಕೇಳಿದಳು: "ಅಣ್ಣ ಏನ ಮಾಡ್ಯಾನ? ನನ್ನಾಣಿ ಐತಿ, ಹೇಳ್ರಿ." ಹೇಳಿದೆ. ಭಾಷಣ, ಅಂಡಿಗೆ, ಹಗ್ಗ, ಎಲ್ಲ. ನೆಲದ ಮೇಲೆ ಒಂದು ವರ್ತುಲ ಬರೆದು ಹೇಳಿದೆ. ಕೇಳುತ್ತ ಕೂತಳು. ಅಣ್ಣನ ಪರವಾಗಿ ಒಂದು ಮಾತಾಡುತ್ತಾಳೆ, ಆಗ ಇವಳಿಗೂ ಒಂದಿಷ್ಟು ಬೈಯೋಣ ಎಂದು ಕಾದಿದ್ದೆ. ಅವಳು ಕಣ್ಣಲ್ಲಿ ನೀರು ತಂದುಕೊಂಡಳು, ಒರೆಸಿಕೊಂಡಳು.

"ತಪ್ಪು ಐತಿ ಅಂತ ಅಂವಗ ಹೇಳಂಗಿಲ್ಲೇನ್ರಿ?"

"ನಾ ಯಾಕ ಹೇಳಲಿ? ಈಗ ಅದು ಅವನ ಬೆಳಿ. ಹುಳಾನೂ ಅವನದ."

"ಹಂಗಲ್ರಿ" ಎಂದಳು. ಎದ್ದು ಕಸ ಹೊಡೆದಳು, ವರ್ತುಲವನ್ನು ಬಿಟ್ಟು.

೨೫ ಜುಲೈ

ಬಂದ. ಬೇಡವೆಂದು ಹೇಳಿ ಕಳಿಸಿದವರು ಯಾರೂ ಇಲ್ಲ, ಪಂಚಮಿಗೆ ತಂಗಿಯನ್ನು ಕರೆಯಲು ಅವರ ಊರು ಕುಕನೂರಿನಿಂದ ಚಕ್ಕಡಿ ಗಾಡಿ ಕಟ್ಟಿಸಿಕೊಂಡು ಅಣ್ಣ ಬಂದೇ ಬಂದ. ಪಡಸಾಲೆಯಲ್ಲಿ ಕೂತು ಕಾಲು ಚಾಚಿದ.

"ಏನಲೇ, ಮಾರಿ ಹಿಂಗ್ಯಾಕ ಮಾಡಿ?"

"ಹತ್ತಿ ಅಂಡಿಗಿ ಹೆಂಗಿತ್ತು ಹೈದರಾಬಾದಿನಾಗ?" ಎಂದೆ.

ಒಂದು ಗಳಿಗೆ ಅವನ ಮುಖ ಕೆಂಪಾಯಿತು. ಅಷ್ಟೇ. "ನೋಡು, ಲೇಖನ ತಂದಾಂವ ನಾನು, ಪ್ರಶ್ನಿ ತಂದಾಂವ ನಾನು. ಹೊಲ ನಂದಾತಿಲ್ಲೋ? ನೀ ಮುಯ್ಯಿಗೆ ಬಂದಿದ್ದಿ."

"ನೀರಿನ ಅಲಿ ಯಾರ ಹೊಲ?"

"ಅದೂ ನಂದ. ಮುಂದ ನಿಂದು ಬಂದಾಗ ನಾ ಬರತೀನಿ, ಇಲ್ಲಂದನೇನು? ಖರೇ ಹೇಳಲಿ ಕೊಟ್ರಾ? ಕೊಪ್ಪಳದ ಸಾಲಿ ಮಾಸ್ತರ ಹೇಳಿದ್ದರ ಅಲ್ಲಿ ಯಾರೂ ಹೊಳ್ಳಿ ಸುದ್ದಾ ನೋಡತಿರಲಿಲ್ಲ. ನಾ ಹೇಳಿದ್ದಕ್ಕ ಕೇಳಿದರು."

ಇದು ನಿಜ. ನಿಜವಾದದ್ದಕ್ಕೇ ಎದೆಗೆ ಚುಚ್ಚಿತು. ಹೋಗು, ಹಾಳಾಗು ಎಂದು ಮನಸ್ಸಿನಲ್ಲೇ ಅಂದುಕೊಂಡೆ, ತಪ್ಪಿನ ಸುದ್ದಿ ಎತ್ತಲಿಲ್ಲ.

ಶಂಕ್ರಮ್ಮ ಗಂಟು ಕಟ್ಟಿ ಹೊರಬಂದವಳು ಅದನ್ನು ಕೆಳಗಿಟ್ಟಳು. "ಅಣ್ಣಾ, ಈ ಸಲ ನನಗ ಸೀರಿ ಬ್ಯಾಡ, ಕುಬಸ ಬ್ಯಾಡ. ಇವರು ಒಂದು ಲೆಕ್ಕ ತೋರಸ್ತಾರ, ಕುಂತು ನೋಡು. ಅದ ನನ್ನ ಪಂಚಮಿ ಉಡುಗೊರಿ."

"ಹೊಟ್ಟಿಕಿಚ್ಚಿಗೆ ಏನರ ತಪ್ಪು ತಗದಿರತಾನ ಬಿಡವಾ."

"ನೋಡದ ಹೊರತು ನಾ ಚಕ್ಕಡಿ ಹತ್ತಂಗಿಲ್ಲ."

ಪಂಚಮಿಗೆ ತಂಗಿ ಇಲ್ಲದೆ ಬರಿ ಚಕ್ಕಡಿ ಹೊಡೆದುಕೊಂಡು ಊರಿಗೆ ಹೋದರೆ ಓಣಿಯೆಲ್ಲ ಆಡಿಕೊಳ್ಳುತ್ತದೆ. ಅವನು ಮಂಡಿಯೂರಿದ. ನಾನೂ ಊರಲೇಬೇಕಾಯಿತು. ಸಾಲು ಸಾಲಾಗಿ ಬರೆಯುತ್ತ ಆ ಜಾಗಕ್ಕೆ ಬಂದೆ. ನಾನಿನ್ನೂ ಬೆರಳು ಇಟ್ಟಿರಲಿಲ್ಲ.

"ಹಗ್ಗ" ಎಂದ.

ಹಳೆಯ ಕೋಣೆಯಲ್ಲಿ ಅನ್ನುತ್ತಿದ್ದ ಹಾಗೆಯೇ. ಆದರೆ ನಗಲಿಲ್ಲ. ಮುಖದ ರಕ್ತವೆಲ್ಲ ಇಳಿದು ಹೋಗಿತ್ತು. ನೀರು ಕೇಳಿ ಕುಡಿದ. "ಯಾರ ಮುಂದರ ಅಂದೀಯೇನು?" ಇಲ್ಲವೆಂದೆ. ನನ್ನ ಎರಡೂ ಕೈ ಹಿಡಿದುಕೊಂಡ. "ಉಳಿಸಿದಿ ಕೊಟ್ರಾ. ಸಭಾದಾಗ ನಿನ್ನ ಹೆಸರು ಹೇಳೇ ಹೇಳತೀನಿ. ಶಂಕ್ರವ್ವನ ಆಣಿ."

ಚಕ್ಕಡಿ ಹೋಯಿತು. ಅವನ ಕೈ ಹಿಡಿದಾಗ ಸಿಟ್ಟು ಎಲ್ಲಿ ಹೋಗಿತ್ತೋ ತಿಳಿಯದು. ಈಗ ಹುಡುಕುತ್ತಿದ್ದೇನೆ.

೨೯ ಜುಲೈ

ಪಂಚಮಿ. ನೆರೆಯ ನಸೀಮಾಬಿ ನಾನೊಬ್ಬನೇ ಇದ್ದೇನೆಂದು ಎರಡು ರೊಟ್ಟಿ, ಪುಂಡಿಪಲ್ಲೆ ಕಳಿಸಿದ್ದರು. ಪಡಸಾಲೆಯಲ್ಲಿ ಯಾರೂ ಇಲ್ಲದಿದ್ದರೂ ನಾನು ಗೋಡೆಗೆ ಆತುಕೊಂಡೇ ಓಡಾಡುತ್ತಿದ್ದೇನೆ.

೨೨ ಆಗಸ್ಟ್

ಆದೆಪ್ಪ ಮಾವನ ಮನೆಗೆ ಹೋಗಿದ್ದವನು ಇವತ್ತು ಬಂದ. ಅಂಗಳದಿಂದಲೇ ಕೂಗಿದ: "ಕೊಟ್ರಬಸಪ್ಪನವರ, ನಿಮ್ಮ ಹೆಸರು ಬಂತ್ರಿ ಸಭಾದಾಗ!"

ಎದೆ ಹಾರಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾರಿತು. ಕೂಡಿಸಿದೆ. ಶಂಕ್ರಮ್ಮ ಚಹಾ ತಂದವಳು ಅಲ್ಲೇ ನಿಂತಳು.

"ನಿಮ್ಮ ಭಾವನೋರು ಭಾಳ ದೊಡ್ಡ ಮನಸಿನೋರ್ರಿ. ಎದ್ದು ನಿಂತು ಹೇಳೇಬಿಟ್ಟರು, ಮೊದಲಿನ ಲೆಕ್ಕದಾಗ ತಪ್ಪಿತ್ತು, ನಾನ ಹುಡುಕಿ ತಗದೀನಿ ಅಂತ. ಆ ಲೆಕ್ಕ ಕೂಡಿಸಿಕೊಟ್ಟಾಂವ ಕೊಪ್ಪಳದ ನನ್ನ ತಂಗಿ ಗಂಡ ಕೊಟ್ರಬಸಪ್ಪ, ಭಾಳ ಒಳ್ಳ್ಯಾಂವ, ಬಾವಿ ಊರಾಗ ಹುಟ್ಟಿ ಪರೀಕ್ಷಾದಾಗ ಹಗ್ಗದ ತೂಕ ಮರತಾಂವ, ನಕ್ಷತ್ರಕ್ಕೂ ಹಗ್ಗ ಮರತಾನ ಅಂದರು. ಅಷ್ಟೂ ದೊಡ್ಡ ಮಂದಿ ಹೊಟ್ಟಿ ಹಿಡಕೊಂಡು ನಕ್ಕರು ನೋಡ್ರಿ! ಆಮ್ಯಾಲ ಚಪ್ಪಾಳಿ. ತಪ್ಪು ಒಪ್ಪಿಕೊಳ್ಳೂದು ಅಂದರ ಹಿಂಗಿರಬೇಕು ಅಂದರು."

ಆದೆಪ್ಪನೂ ನಗುತ್ತಿದ್ದ. ಅವನ ತಪ್ಪೇನಿಲ್ಲ. ನಾನೂ ನಕ್ಕೆ. ಚಹಾ ಕುಡಿಸಿ ಕಳಿಸಿದೆ.

ಬೆಳೆ ಇದ್ದಾಗ ಹೊಲ ಅವನದು. ಹುಳ ಬಿದ್ದಾಗ ನನ್ನದು. ಹುಳ ತೆಗೆದ ಪುಣ್ಯ ಮತ್ತೆ ಅವನದು. ಹೆಸರು ಹೇಳುತ್ತೇನೆ ಎಂದಿದ್ದ, ಹೇಳಿದ್ದಾನೆ, ಮಾತು ತಪ್ಪಲಿಲ್ಲ. ಎರಡನೇ ಸಲದ ಪೆಟ್ಟು ಮೊದಲಿನದಕ್ಕಿಂತ ಆಳ. ಮೊದಲ ಸಲ ಲೆಕ್ಕ ಕದ್ದ. ಈ ಸಲ ನಮ್ಮ ಕೋಣೆಯೊಳಗಿನ ಮಾತನ್ನು ಬೀದಿಗೆ ತಂದ.

ಶಂಕ್ರಮ್ಮ ಬರಿ ಕಪ್ಪುಗಳನ್ನು ಎತ್ತಿಕೊಂಡಳು. "ಅದು ನನಗ ಕೊಟ್ಟ ಉಡುಗೊರಿ ಆಗಿತ್ತ್ರಿ" ಎಂದಳು.

೨೩ ಆಗಸ್ಟ್

ಸಾಲೆ. ಬಾವಿಯ ಲೆಕ್ಕ ಕಲಿಸುವ ಪಾಠ ಬಂತು. ಮುಂದಿನ ಪುಟ ತೆಗೆಸಿದೆ.

೨೬ ಸೆಪ್ಟೆಂಬರ್

ಒಂದು ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಹಿತ್ತಲ ಬಾವಿಯಲ್ಲಿ ತೂತು ಬಿದ್ದ ಕೊಡದಿಂದ ನೀರು ಸೇದುತ್ತಿದ್ದೆ. ಮೇಲೆ ಬರುತ್ತ ಬರುತ್ತ ಕೊಡ ಸೋರಿ ಹಗುರಾಯಿತು. ಹಗ್ಗ ಅಲ್ಲೇ ಬಿಟ್ಟು ಒಳಗೆ ಓಡಿಬಂದೆ, ಕೊಡ ಬಾವಿಗೆ ಬಿತ್ತು. ಕುಸಿಯುವ ನಕ್ಷತ್ರ ಕುಸಿಯುತ್ತ ಕುಸಿಯುತ್ತ ತನ್ನ ಭಾರವನ್ನೇ ಬೆಳಕಾಗಿ ಚೆಲ್ಲುತ್ತಾ ಹೋದರೆ? ಭಾರ ಕಡಿಮೆಯಾದಷ್ಟೂ ಮುಚ್ಚಿಕೊಳ್ಳುವ ಗೆರೆಯೂ ಒಳಕ್ಕೆ ಸರಿಯುತ್ತದೆ. ನಕ್ಷತ್ರ ಬೆನ್ನು ಹತ್ತುತ್ತದೆ, ಗೆರೆ ಹಿಂದಕ್ಕೆ ಓಡುತ್ತದೆ. ಅದನ್ನು ತಡೆಯುವುದೇ ಬೇಡ. ಭಾರ ಇಳಿಸಿಕೊಂಡರೆ ಸಾಕು!

ಶಂಕ್ರಮ್ಮ ಕೊಡಕ್ಕಾಗಿ ಬೈಯುತ್ತ ಬಂದವಳು ನೆಲ ನೋಡಿ ಗೋಡೆಗೆ ಸರಿದಳು. "ಈ ಸಲ ಹಗ್ಗ ಹಿಡದೀರಿಲ್ಲ?"

ನಗು ಬಂತು. ಅದೇ ಮಾತು, ಇವಳ ಬಾಯಲ್ಲಿ ನೋಯಲಿಲ್ಲ. ಯಾವ ಗುರುತು ಭಾರದ್ದು, ಯಾವುದು ಬೆಳಕಿನದು ಎಂದು ತೋರಿಸಿಕೊಟ್ಟೆ. ಹಗ್ಗ ನೋಡಿಕೊಳ್ಳಲು ಒಬ್ಬರು ಬೇಕಲ್ಲ.

೧೨ ಅಕ್ಟೋಬರ್

ಕಳಕಪ್ಪ ಆದೆಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದಾನೆ. ದೀಪಾವಳಿಗೆ ಊರಿಗೆ ಬರುವಾಗ ಇಲ್ಲಿ ಇಳಿಯುತ್ತಾನಂತೆ. "ನಕ್ಷತ್ರಕ್ಕ ಇನ್ನೊಂದು ದಾರಿ ಇದ್ದರ ನೋಡಿ ಇಟ್ಟಿರಂತ ಹೇಳ್ರಿ ಅಂದರು."

ಮೈ ಉರಿಯಿತು. ಉರಿದದ್ದರ ಹಿಂದೆಯೇ, ಇದನ್ನು ನೋಡಿದರೆ ಅವನು ಹೇಗೆ ಕುಣಿಯುತ್ತಾನೆ ಎಂದು ಅನ್ನಿಸಿತು. ಬೇವೂರಿನಿಂದ ಗಂಗಾವತಿಯವರೆಗೆ ಹುಡುಕಿದರೂ ಇದನ್ನು ನೋಡಿ ಕುಣಿಯುವವನು ಬೇರೆ ಯಾರಿದ್ದಾನೆ? ಹಾಳು ಜೀವ, ಅವನಿಗೇ ತೋರಿಸಬೇಕೆಂದು ಎಳೆಯುತ್ತದೆ. ಶಂಕ್ರಮ್ಮನ ಮುಂದೆ ಅಂದುಬಿಟ್ಟೆ. ಅವಳು "ಹೂಂ" ಎಂದಳು.

೧೮ ಅಕ್ಟೋಬರ್

ದೀಪಾವಳಿಯ ನೀರು ತುಂಬುವ ಹಬ್ಬ. ಶಂಕ್ರಮ್ಮ ನಸುಕಿಗೇ ಎದ್ದು ಹಂಡೆ ಕೊಡಗಳನ್ನೆಲ್ಲ ತಿಕ್ಕಿ ನೀರು ತುಂಬಿದಳು. ಲೆಕ್ಕ ಪಡಸಾಲೆಯ ತುಂಬ ಬಿದ್ದಿತ್ತು, ಒಳಬಾಗಿಲಿನಿಂದ ಹೊಸ್ತಿಲವರೆಗೆ. ಅವನು ಬರುವ ಮೊದಲು ಅಳಿಸಬೇಕೆಂದು ನಿನ್ನೆಯಿಂದ ಅಂದುಕೊಳ್ಳುತ್ತಿದ್ದೆ, ಕೈ ಬಂದಿರಲಿಲ್ಲ.

"ಇದೆಲ್ಲಾ ನಿಮ್ಮ ತಲ್ಯಾಗ ಐತಿಲ್ರಿ?" ಎಂದು ಕೇಳಿದಳು.

"ಐತಿ."

"ಹಗ್ಗ ಸುದ್ದಾ?"

"ಹಗ್ಗ ಸುದ್ದಾ."

ಗಿರಣಿಯ ಮೂಲೆಯಲ್ಲಿ ಜಟಕಾದ ಗಂಟೆ ಕೇಳಿಸಿತು. ಅವಳು ಸೆಗಣಿ ಕಲಸಿದ ಬೋಗುಣಿಯನ್ನು ಬಾಗಿಲ ಹಿಂದಿನಿಂದ ತೆಗೆದಳು. ಮೊದಲೇ ಕಲಸಿ ಇಟ್ಟಿದ್ದಳು. ಮದುವೆಯಾದಾಗಿನಿಂದ ಒಂದು ದಿನವೂ ನನ್ನನ್ನು ಕೇಳದೆ ಈ ನೆಲ ಸಾರಿಸಿದವಳಲ್ಲ, ಇವತ್ತು ಕೇಳಲಿಲ್ಲ. ಒಳಬಾಗಿಲಿನಿಂದ ಶುರುಮಾಡಿ ಹಿಂದಕ್ಕೆ ಸರಿಯುತ್ತ ಅರಿವೆ ಎಳೆದಳು. ಭಾರ ಹೋಯಿತು, ಬೆಳಕು ಹೋಯಿತು, ಗೆರೆ ಹೋಯಿತು. ಬೇಡ ಎನ್ನಬಹುದಿತ್ತು. ನಾನು ಒಳಬಾಗಿಲಲ್ಲಿ ಹಬ್ಬದ ಹೊಸ ಹಗ್ಗ ಹಿಡಿದುಕೊಂಡು ನೋಡುತ್ತ ನಿಂತಿದ್ದೆ.

ಕಳಕಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದ. ತಂಗಿಯ ತಲೆಯ ಮೇಲಿಂದ ನನ್ನನ್ನು ನೋಡಿ ನಕ್ಕ, ಅದೇ ಹಳೆಯ ನಗು. "ಏನರ ಹೊಳೀತೇನಲೇ ಕೊಟ್ರಾ?" ಎನ್ನುತ್ತ ಹೊಸ್ತಿಲಿಗೆ ಕಾಲಿಟ್ಟ.

ಶಂಕ್ರಮ್ಮ ತಲೆ ಎತ್ತಲಿಲ್ಲ. ಅವನ ಕಾಲಿನ ಮುಂದೆಯೇ ಕಡೆಯ ಸಲ ಅರಿವೆ ಎಳೆದಳು.

"ನೆಲ ಹಸಿ ಐತಿ ಅಣ್ಣಾ. ಹೊರಗ ಕಟ್ಟಿ ಮ್ಯಾಲ ಕುಂದ್ರು."